ಅರ್ಥಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಹಣಕಾಸಿನಲ್ಲಿ ಸ್ನಾತಕೋತ್ತರ ಪದವಿ: ಅರ್ಜಿಯಿಂದ ಪ್ರಬಂಧದವರೆಗೆ

ಈ ಪದವಿಗೆ ಬರುವವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಡಾಲರ್ ಏರಿಳಿತ, ಸಾಲದ ಬಿಕ್ಕಟ್ಟು, ಕೇಂದ್ರ ಬ್ಯಾಂಕುಗಳ ನಿರ್ಧಾರ ಇವನ್ನೆಲ್ಲ ಪತ್ರಿಕೆಯಲ್ಲಿ ಓದಿ ಆಸಕ್ತಿ ಬೆಳೆಸಿಕೊಂಡವರು ಒಂದು ಕಡೆ, ಬ್ಯಾಂಕಿನಲ್ಲೋ ಹೂಡಿಕೆ ಸಂಸ್ಥೆಯಲ್ಲೋ ಕೆಲಸ ಹಿಡಿಯಬೇಕೆಂದು ಬರುವವರು ಇನ್ನೊಂದು ಕಡೆ. ಮೊದಲ ಸೆಮಿಸ್ಟರಿನ ಮೂರನೇ ವಾರಕ್ಕೆ ಇಬ್ಬರಿಗೂ ಒಂದೇ ಗಾಬರಿ. ತರಗತಿಯಲ್ಲಿ ಡಾಲರೂ ಕಾಣುವುದಿಲ್ಲ, ಬ್ಯಾಂಕೂ ಕಾಣುವುದಿಲ್ಲ, ಬೋರ್ಡಿನ ತುಂಬ ಲಗ್ರಾಂಜ್ ಗುಣಕಗಳು (ಒಂದು ಮಿತಿಯೊಳಗೆ ಗರಿಷ್ಠವನ್ನು ಹುಡುಕುವ ಗಣಿತದ ಸಾಧನ). ಇಲ್ಲಿ ಎಡವುವವರಿಗೆ ಬುದ್ಧಿ ಕಡಿಮೆ ಎಂದೇನಲ್ಲ. ಬಹುಪಾಲು ಜನ ಎಡವುವುದು ಎರಡು ಕಾರಣಕ್ಕೆ: ಗಣಿತವನ್ನು ಪಾಠದ ಜೊತೆಜೊತೆಗೇ ಕಲಿಯಬಹುದು ಎಂದುಕೊಳ್ಳುವುದು, ಮತ್ತು ದರ ಯಾವ ದಿಕ್ಕಿನದು, ಯಾವ ದಿನದ್ದು, ಯಾವ ಚಿಹ್ನೆಯದು ಎಂಬುದನ್ನು ಸಣ್ಣ ವಿಷಯ ಎಂದು ಬಿಡುವುದು. ಈ ಲೇಖನ ಹೆಚ್ಚಾಗಿ ಈ ಎರಡರ ಸುತ್ತಲೇ ಇದೆ.

ಯಾವ ಕೋರ್ಸು?

ಹೆಸರು ನೋಡಿ ಆರಿಸಬೇಡಿ. ಬ್ರಾಂಡೈಸ್, ಜಾನ್ಸ್ ಹಾಪ್ಕಿನ್ಸ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚುಕಡಿಮೆ ಇದೇ ಹೆಸರಿನ ಪದವಿ ಇದೆ. ಬೇರೆ ಕಡೆ ಇದೇ ವಿಷಯವನ್ನು ಅರ್ಥಶಾಸ್ತ್ರದ ಎಂಎಸ್ಸಿಯೊಳಗೆ ಐಚ್ಛಿಕ ಪತ್ರಿಕೆಗಳಾಗಿ ಕಲಿಸುತ್ತಾರೆ. ಇನ್ನು ಕೆಲವೆಡೆ ಬಿಸಿನೆಸ್ ಸ್ಕೂಲಿನವರು 'ಅಂತರರಾಷ್ಟ್ರೀಯ ಹಣಕಾಸು' ಎಂದು ಕರೆಯುವುದರಲ್ಲಿ ಅರ್ಥಶಾಸ್ತ್ರ ಒಂದೇ ಒಂದು ಪತ್ರಿಕೆ ಇರುತ್ತದೆ, ಉಳಿದದ್ದು ಕಂಪನಿಗಳ ಲೆಕ್ಕಪತ್ರ ಮತ್ತು ಹೂಡಿಕೆ ನಿರ್ವಹಣೆ. ಮೂರೂ ಒಳ್ಳೆಯವೇ, ಆದರೆ ಮೂರೂ ಬೇರೆ ಬೇರೆ ಬಾಗಿಲಿಗೆ ಒಯ್ಯುತ್ತವೆ.

ಆದ್ದರಿಂದ ಪಠ್ಯಕ್ರಮವನ್ನೇ ತೆರೆದು ಕೂರಿ. ಮೊದಲು ಇಕನಾಮೆಟ್ರಿಕ್ಸ್ (ಆರ್ಥಿಕ ಸಂಬಂಧಗಳನ್ನು ದತ್ತಾಂಶದಿಂದ ಅಳೆಯುವ ಸಂಖ್ಯಾಶಾಸ್ತ್ರ) ಎಷ್ಟು ಪತ್ರಿಕೆ ಇದೆ ನೋಡಿ. ಒಂದೇ ಇದ್ದರೆ ಪ್ರಬಂಧ ಬರೆಯುವಾಗ ಕಷ್ಟ. ಎರಡಿದ್ದು, ಎರಡನೆಯದು ಕಾಲಸರಣಿಯ (ಒಂದೇ ಅಳತೆಯನ್ನು ದಿನದಿನ, ತಿಂಗಳುತಿಂಗಳು ದಾಖಲಿಸಿದ ಸಾಲು) ಮೇಲಿದ್ದರೆ ಈ ವಿಷಯಕ್ಕೆ ಸರಿಹೊಂದುತ್ತದೆ, ಏಕೆಂದರೆ ವಿನಿಮಯ ದರ, ಬಡ್ಡಿ ದರ, ಬಂಡವಾಳ ಹರಿವು ಎಲ್ಲವೂ ಕಾಲಸರಣಿಗಳೇ. ಆಮೇಲೆ ಮುಕ್ತ ಆರ್ಥಿಕತೆಯ ಸಮಗ್ರ ಅರ್ಥಶಾಸ್ತ್ರ ಮತ್ತು ಆಸ್ತಿ ಬೆಲೆ ನಿರ್ಣಯ ಎರಡೂ ಇವೆಯೇ ನೋಡಿ. ಮೊದಲನೆಯದು ಮಾತ್ರ ಇದ್ದರೆ ಅದು ನೀತಿಯ ಕೋರ್ಸು, ಎರಡನೆಯದು ಮಾತ್ರ ಇದ್ದರೆ ಮಾರುಕಟ್ಟೆಯ ಕೋರ್ಸು. ಪ್ರಬಂಧ ಕಡ್ಡಾಯವೇ, ಐಚ್ಛಿಕವೇ ಎಂಬುದೂ ಮುಖ್ಯ. ಪಿಎಚ್‌ಡಿ ಯೋಚನೆ ಇದ್ದರೆ ಪ್ರಬಂಧ ಇಲ್ಲದ ಕೋರ್ಸಿಗೆ ಹೋಗಬೇಡಿ.

ಅವಧಿಯ ಲೆಕ್ಕ ಹೀಗೆ. ಯುರೋಪಿನ ಇಸಿಟಿಎಸ್ ಎಂಬ ಕ್ರೆಡಿಟ್ ಎಣಿಕೆಯ ಪದ್ಧತಿಯಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್, ಎರಡು ವರ್ಷದ ಸ್ನಾತಕೋತ್ತರಕ್ಕೆ 120. ಬ್ರಿಟನ್ನಿನ ಒಂದು ವರ್ಷದ ಎಂಎಸ್ಸಿಗೆ ಅಲ್ಲಿನ ಎಣಿಕೆಯಲ್ಲಿ 180 ಕ್ರೆಡಿಟ್, ಅಂದರೆ 90 ಇಸಿಟಿಎಸ್. ಒಂದು ಇಸಿಟಿಎಸ್ ಎಂದರೆ 25ರಿಂದ 30 ಗಂಟೆಯ ಕೆಲಸ. ಹಾಗಾಗಿ 30 ಕ್ರೆಡಿಟ್‌ನ ಒಂದು ಸೆಮಿಸ್ಟರಿಗೆ 750ರಿಂದ 900 ಗಂಟೆ. ಪರೀಕ್ಷೆಯೂ ಸೇರಿ 20 ವಾರಕ್ಕೆ ಹಂಚಿದರೆ ವಾರಕ್ಕೆ 38ರಿಂದ 45 ಗಂಟೆ. ವಾರಕ್ಕೆ 20 ಗಂಟೆ ಕೆಲಸ ಮಾಡಿಕೊಂಡು ಓದುತ್ತೇನೆ ಎನ್ನುವವರು ಈ ಎರಡು ಸಂಖ್ಯೆಗಳನ್ನು ಒಮ್ಮೆ ಕೂಡಿ ನೋಡಬೇಕು. ಒಂದು ವರ್ಷದ ಕೋರ್ಸಿನಲ್ಲಿ ಎಡವಿದರೆ ಸಾವರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಗಣಿತದ ಬುನಾದಿ ಸಡಿಲವಿದ್ದವರಿಗೆ ಎರಡು ವರ್ಷದ್ದೇ ಲೇಸು.

ಅರ್ಜಿ

ಇದರಲ್ಲಿ ಗುಟ್ಟೇನೂ ಇಲ್ಲ. ಹೆಚ್ಚಿನ ಕಡೆ ಕೇಳುವುದು ಅಂಕಪಟ್ಟಿ, ಎರಡು ಅಥವಾ ಮೂರು ಶಿಫಾರಸು ಪತ್ರ, ಉದ್ದೇಶ ಪತ್ರ, ಇಂಗ್ಲಿಷ್ ಪರೀಕ್ಷೆಯ ಅಂಕ; ಕೆಲವು ಕಡೆ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಪರೀಕ್ಷೆಯಾದ ಜಿಆರ್‌ಇ. ಜಿಆರ್‌ಇ ಅಂಕ ಐದು ವರ್ಷ ಚಲಾವಣೆಯಲ್ಲಿರುತ್ತದೆ, ಟೋಫೆಲ್ ಮತ್ತು ಐಇಎಲ್‌ಟಿಎಸ್ ಅಂಕ ಎರಡೇ ವರ್ಷ. ಹಾಗಾಗಿ ಜಿಆರ್‌ಇ ಬೇಗ ಮುಗಿಸಿಕೊಳ್ಳಿ, ಇಂಗ್ಲಿಷ್ ಪರೀಕ್ಷೆಯನ್ನು ಅರ್ಜಿಯ ವರ್ಷಕ್ಕೆ ಇಟ್ಟುಕೊಳ್ಳಿ. ಜಿಆರ್‌ಇಯಲ್ಲಿ ಅರ್ಥಶಾಸ್ತ್ರ ವಿಭಾಗಗಳು ಕಣ್ಣಿಟ್ಟು ನೋಡುವುದು 130ರಿಂದ 170ರವರೆಗೆ ಅಂಕವಿರುವ ಗಣಿತ ಭಾಗವನ್ನು.

ಆಯ್ಕೆ ಸಮಿತಿಯವರು ಅಂಕಪಟ್ಟಿಯಲ್ಲಿ ಮೊದಲು ಹುಡುಕುವುದು ಗಣಿತ ಮತ್ತು ಸಂಖ್ಯಾಶಾಸ್ತ್ರದ ಪತ್ರಿಕೆಗಳನ್ನು. ಅವುಗಳ ಹೆಸರಿನಿಂದ ಒಳಗೇನಿತ್ತು ಎಂದು ತಿಳಿಯದಿದ್ದರೆ (ಉದಾಹರಣೆಗೆ 'ಪರಿಮಾಣಾತ್ಮಕ ವಿಧಾನಗಳು 2'), ಪ್ರತಿಯೊಂದಕ್ಕೂ ಎರಡು ಸಾಲಿನ ವಿವರ ಬರೆದು ಲಗತ್ತಿಸಿ: ಯಾವ ಅಧ್ಯಾಯಗಳು, ಎಷ್ಟು ಗಂಟೆ. ಉದ್ದೇಶ ಪತ್ರದಲ್ಲಿ 'ಬಾಲ್ಯದಿಂದಲೂ ಅರ್ಥಶಾಸ್ತ್ರದಲ್ಲಿ ಆಸಕ್ತಿ' ಎಂಬ ಸಾಲು ಬೇಡ. ನಿಮ್ಮನ್ನು ಕಾಡುವ ಒಂದು ಪ್ರಶ್ನೆ, ಅದಕ್ಕೆ ಬೇಕಾದ ದತ್ತಾಂಶ, ಆ ವಿಭಾಗದಲ್ಲಿ ಅದರ ಮೇಲೆ ಕೆಲಸ ಮಾಡುವವರು ಯಾರು ಎಂಬುದು ಇದ್ದರೆ ಒಂದೂವರೆ ಪುಟ ಸಾಕು. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ಬರೆಸುವುದಕ್ಕಿಂತ ನಿಮ್ಮ ಲೆಕ್ಕದ ಕೆಲಸ ಕಂಡ ಅಧ್ಯಾಪಕರಿಂದ ಬರೆಸಿ, ಗಡುವಿಗೆ ಆರು ವಾರ ಮುಂಚೆ ಕೇಳಿ.

ಗಣಿತ: ತರಗತಿ ಶುರುವಾಗುವ ಮುನ್ನ

ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಸೆಪ್ಟೆಂಬರಿನಲ್ಲೋ ಆಗಸ್ಟ್ ಕೊನೆಯಲ್ಲೋ ಎರಡು ಮೂರು ವಾರದ 'ಗಣಿತ ಶಿಬಿರ' ಇರುತ್ತದೆ. ಅದು ಮರೆತದ್ದನ್ನು ನೆನಪಿಸುವುದಕ್ಕೆ ಇರುವಂಥದ್ದು, ಹೊಸದಾಗಿ ಕಲಿಸುವುದಕ್ಕಲ್ಲ. ಸೇರುವ ಮೊದಲಿನ ನಾಲ್ಕು ತಿಂಗಳಲ್ಲಿ ದಿನಕ್ಕೆ ಎರಡು ಗಂಟೆ ಇಟ್ಟರೆ ಬೇಕಾದಷ್ಟು ಸಿದ್ಧತೆ ಆಗುತ್ತದೆ. ಪುಸ್ತಕ ಯಾವುದಾದರೂ ಆಗಲಿ, ಕೆಳಗಿನವುಗಳನ್ನು ಪುಸ್ತಕ ಮುಚ್ಚಿ ಕಾಗದದ ಮೇಲೆ ಮಾಡಲು ಬಂದರೆ ನೀವು ಸಿದ್ಧ.

ಕಾಬ್–ಡಗ್ಲಸ್ ಉಪಯುಕ್ತತೆ (ಸರಕುಗಳಿಂದ ಸಿಗುವ ತೃಪ್ತಿಯನ್ನು ಅಳೆಯುವ ಒಂದು ಸಾಮಾನ್ಯ ಸೂತ್ರ) ಮತ್ತು ಒಂದು ಬಜೆಟ್ ಕೊಟ್ಟರೆ ಎರಡು ಸರಕುಗಳ ಬೇಡಿಕೆಯನ್ನು ಲಗ್ರಾಂಜ್ ವಿಧಾನದಿಂದ ತೆಗೆಯಿರಿ. ಆಮೇಲೆ ಆ ಗುಣಕದ ಅರ್ಥವನ್ನು ಮಾತಿನಲ್ಲಿ ಹೇಳಿ: ಆದಾಯ ಒಂದು ಘಟಕ ಹೆಚ್ಚಿದರೆ ಗರಿಷ್ಠ ಉಪಯುಕ್ತತೆ ಎಷ್ಟು ಹೆಚ್ಚುತ್ತದೆ ಎಂಬ ಪ್ರಮಾಣ ಅದು. ಉತ್ತರ ಬಂದು ಅರ್ಥ ಬಾರದಿದ್ದರೆ ಅರ್ಧ ಕಲಿತಂತೆ.

ಲಾಗ್ ಅಂದಾಜು. ಒಂದಕ್ಕೆ 0.02 ಕೂಡಿಸಿ ಸಹಜ ಲಾಗ್ ತೆಗೆದರೆ 0.0198 ಬರುತ್ತದೆ, ಶೇ 2 ಎಂದು ಓದಿಕೊಳ್ಳಬಹುದು. ಆದರೆ ಬಿಕ್ಕಟ್ಟಿನಲ್ಲಿ ಡಾಲರಿನ ಬೆಲೆ ಇಮ್ಮಡಿಯಾದರೆ ಶೇಕಡಾವಾರು ಏರಿಕೆ 100, ಲಾಗ್ ವ್ಯತ್ಯಾಸ ಮಾತ್ರ 0.69, ಅಂದರೆ ಶೇ 69. ಈ ವಿಷಯದಲ್ಲಿ ಬಿಕ್ಕಟ್ಟುಗಳೇ ಮುಖ್ಯ ಊಟ, ಆದ್ದರಿಂದ ಅಂದಾಜು ಎಲ್ಲಿ ಮುರಿಯುತ್ತದೆ ಎಂಬುದು ಕೈಗೆ ರೂಢಿಯಾಗಿರಬೇಕು.

ಷರತ್ತುಬದ್ಧ ನಿರೀಕ್ಷೆ. ನಾಳೆ ನಾನು ಏನನ್ನು ನಿರೀಕ್ಷಿಸುತ್ತೇನೆ ಎಂಬುದರ ಇವತ್ತಿನ ನಿರೀಕ್ಷೆ ಎಂದರೆ ಇವತ್ತಿನ ನಿರೀಕ್ಷೆಯೇ. ಈ ಒಂದು ನಿಯಮ ಗೊತ್ತಿದ್ದರೆ, ಇವತ್ತಿನ ವಿನಿಮಯ ದರ ನಾಳೆಯ ನಿರೀಕ್ಷಿತ ದರವನ್ನು ಅವಲಂಬಿಸಿದೆ ಎಂಬ ಸಮೀಕರಣವನ್ನು ಮುಂದಕ್ಕೆ ಬಿಡಿಸುತ್ತಾ ಹೋಗಿ, ಇವತ್ತಿನ ದರ ಮುಂದಿನ ಎಲ್ಲ ಮೂಲಾಂಶಗಳನ್ನು (ಹಣದ ಪೂರೈಕೆ, ಆದಾಯದಂಥವು) ಇವತ್ತಿನ ಮೌಲ್ಯಕ್ಕೆ ಇಳಿಸಿ ಕೂಡಿದ ಮೊತ್ತ ಎಂದು ತೋರಿಸಬಹುದು. ಸುದ್ದಿ ಬಂದ ಕ್ಷಣವೇ ದರ ಏಕೆ ಜಿಗಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ವಿವರಣೆ ಇಲ್ಲ.

ಎರಡಕ್ಕೆರಡರ ಮಾತೃಕೆಯ ಐಗನ್ ಮೌಲ್ಯ. ಚಲನಶೀಲ ಮಾದರಿಗಳಲ್ಲಿ, ಪರಿಮಾಣದಲ್ಲಿ ಒಂದಕ್ಕಿಂತ ದೊಡ್ಡ ಐಗನ್ ಮೌಲ್ಯಗಳ ಸಂಖ್ಯೆ ಮತ್ತು ಜಿಗಿಯಬಲ್ಲ ಚರಗಳ (ವಿನಿಮಯ ದರದಂತೆ ತಕ್ಷಣ ಬದಲಾಗಬಲ್ಲವುಗಳ) ಸಂಖ್ಯೆ ಸಮವಾಗಿರಬೇಕು, ಆಗ ಮಾತ್ರ ಒಂದೇ ಒಂದು ಸ್ಥಿರ ಪರಿಹಾರ ಸಿಗುತ್ತದೆ. ಮುಂದೆ ಡೈನೇರ್ ತಂತ್ರಾಂಶದಲ್ಲಿ ಮಾದರಿ ಓಡದೆ ನಿಂತಾಗ ಬರುವ ದೂರು ಎಷ್ಟೋ ಸಲ ಇದೇ. ಕಾರಣವೂ ಎಷ್ಟೋ ಸಲ ಒಂದೇ: ಹಿಂದಿನ ಅವಧಿಯಲ್ಲೇ ನಿರ್ಧಾರವಾದ ಬಂಡವಾಳದ ದಾಸ್ತಾನಿಗೆ ಈ ಅವಧಿಯ ಸೂಚಿ ಹಾಕಿರುವುದು.

ಇಷ್ಟರ ಜೊತೆಗೆ ಕನಿಷ್ಠ ವರ್ಗ ವಿಧಾನದ (ದತ್ತಾಂಶಕ್ಕೆ ಅತ್ಯಂತ ಹತ್ತಿರದ ಗೆರೆ ಹುಡುಕುವ ವಿಧಾನ) ಅಂದಾಜುಗಳನ್ನು ಮಾತೃಕೆಯ ರೂಪದಲ್ಲಿ ತೆಗೆಯಲು ಬರಬೇಕು. ಟೋಪಾಲಜಿ, ಮಾಪನ ಸಿದ್ಧಾಂತ ಇತ್ಯಾದಿಗಳ ಹಿಂದೆ ಈಗ ಹೋಗಬೇಡಿ. ಅದು ಪಿಎಚ್‌ಡಿಯ ಸಮಸ್ಯೆ.

ಮೊದಲ ಸೆಮಿಸ್ಟರ್

ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಇಕನಾಮೆಟ್ರಿಕ್ಸ್ ಮೂರಕ್ಕೂ ವಾರವಾರ ಅಥವಾ ಎರಡು ವಾರಕ್ಕೊಮ್ಮೆ ಲೆಕ್ಕದ ಹಾಳೆ ಕೊಡುತ್ತಾರೆ. ಆ ಹಾಳೆಯೇ ಕೋರ್ಸು ಎಂದು ತಿಳಿಯಿರಿ. ಉಪನ್ಯಾಸವನ್ನು ಮೂರು ಸಲ ಓದಿದವರಿಗಿಂತ ಹಾಳೆಯನ್ನು ಒಂದು ಸಲ ಸ್ವಂತವಾಗಿ ಮಾಡಿದವರು ಪರೀಕ್ಷೆಯಲ್ಲಿ ಮುಂದಿರುತ್ತಾರೆ.

ಕ್ರಮ ಹೀಗಿರಲಿ. ಹಾಳೆ ಬಂದ ದಿನವೇ ಎಲ್ಲ ಪ್ರಶ್ನೆಗಳನ್ನು ಓದಿ, ಯಾವುದಕ್ಕೆ ದಾರಿಯೇ ಕಾಣುತ್ತಿಲ್ಲ ಎಂದು ಗುರುತು ಹಾಕಿ. ಮುಂದಿನ ಎರಡು ದಿನ ಒಬ್ಬರೇ ಕೂತು ಮಾಡಿ, ಒಂದು ಪ್ರಶ್ನೆಗೆ ಸಿಕ್ಕಿಹಾಕಿಕೊಂಡರೆ 40 ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ಆಮೇಲೆ ಮೂರು ನಾಲ್ಕು ಜನರ ಗುಂಪಿನಲ್ಲಿ ಸೇರಿ. ಗುಂಪಿಗೆ ಖಾಲಿ ಕೈಯಲ್ಲಿ ಹೋಗುವುದು ದೊಡ್ಡ ತಪ್ಪು: ಪಕ್ಕದವರು ಬಿಡಿಸಿದ್ದು ನೋಡಿದಾಗ 'ಅಷ್ಟೇನಾ' ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಮೊದಲ ಸಾಲೇ ಹೊಳೆಯುವುದಿಲ್ಲ. ಕೊನೆಗೆ ಅಂತಿಮ ಉತ್ತರವನ್ನು ಯಾರ ಹಾಳೆಯನ್ನೂ ನೋಡದೆ ಮತ್ತೆ ಬರೆಯಿರಿ. ಹಳೆಯ ವರ್ಷಗಳ ಉತ್ತರಗಳು ಹಿರಿಯ ವಿದ್ಯಾರ್ಥಿಗಳ ಬಳಿ ಓಡಾಡುತ್ತಿರುತ್ತವೆ. ಪರೀಕ್ಷೆಗೆ ಎರಡು ವಾರ ಇರುವಾಗ ಅವು ಅಮೂಲ್ಯ, ಸೆಮಿಸ್ಟರಿನ ಎರಡನೇ ವಾರದಲ್ಲಿ ವಿಷ.

ತಂತ್ರಾಂಶದ ಬಗ್ಗೆ ಚರ್ಚೆ ಬೇಡ. ವಿಭಾಗ ಸ್ಟೇಟಾ ಬಳಸಿದರೆ ಸ್ಟೇಟಾ, ಆರ್ ಬಳಸಿದರೆ ಆರ್. ಜೊತೆಗೆ ಪೈಥಾನ್ ಅಷ್ಟಿಷ್ಟು ಬಂದರೆ ಕೆಲಸದ ಮಾರುಕಟ್ಟೆಯಲ್ಲಿ ಉಪಯೋಗ. ಎಕ್ಸೆಲ್‌ನಲ್ಲಿ ಕೈಯಿಂದ ಸಾಲು ಅಳಿಸಿ, ಕಾಲಂ ಸರಿಸಿ ಮಾಡಿದ ಕೆಲಸವನ್ನು ಆರು ತಿಂಗಳಾದ ಮೇಲೆ ನೀವೇ ಮತ್ತೆ ಮಾಡಲಾರಿರಿ. ಮೂಲ ಫೈಲನ್ನು ಮುಟ್ಟದೆ, ಪ್ರತಿಯೊಂದು ಬದಲಾವಣೆಯನ್ನೂ ಕೋಡಿನಲ್ಲೇ ಬರೆಯುವ ಅಭ್ಯಾಸ ಮೊದಲ ವಾರದಿಂದಲೇ ಇರಲಿ.

ಅಂತರರಾಷ್ಟ್ರೀಯ ಹಣಕಾಸು: ದಿಕ್ಕು, ಚಿಹ್ನೆ, ದಿನ

ಈ ಪತ್ರಿಕೆಯಲ್ಲಿ ಗಣಿತ ಅಷ್ಟೇನೂ ಕಷ್ಟವಿಲ್ಲ. ಅಂಕ ಹೋಗುವುದು ಬೇರೆ ಕಡೆ. ಒಂದು ಲೆಕ್ಕವನ್ನು ಪೂರ್ತಿ ನೋಡೋಣ.

ಒಂದು ಯುರೋಗೆ 1.10 ಡಾಲರ್ ಸ್ಪಾಟ್ ದರ, ಅಂದರೆ ಇವತ್ತಿನ ವಹಿವಾಟಿನ ದರ. ಒಂದು ವರ್ಷದ ಬಡ್ಡಿ ಡಾಲರಿಗೆ ಶೇ 5, ಯುರೋಗೆ ಶೇ 3. ಆವೃತ ಬಡ್ಡಿ ಸಮತೆಯ (ಯಾವ ನಾಣ್ಯದಲ್ಲಿ ಹೂಡಿ ದರವನ್ನು ಮೊದಲೇ ಕಟ್ಟಿಕೊಂಡರೂ ಲಾಭ ಒಂದೇ ಎಂಬ ನಿಯಮ) ಪ್ರಕಾರ ಒಂದು ವರ್ಷದ ಫಾರ್ವರ್ಡ್ ದರ, ಅಂದರೆ ಮುಂದಿನ ದಿನದ ವಹಿವಾಟಿಗೆ ಇವತ್ತೇ ಒಪ್ಪಿಕೊಂಡ ದರ, ಎಷ್ಟು? ದರ 'ಯುರೋಗೆ ಎಷ್ಟು ಡಾಲರ್' ಎಂದಿರುವುದರಿಂದ ಡಾಲರಿನ ಬಡ್ಡಿ ಮೇಲೆ, ಯುರೋದ್ದು ಕೆಳಗೆ: 1.10 ಅನ್ನು 1.05ರಿಂದ ಗುಣಿಸಿ 1.03ರಿಂದ ಭಾಗಿಸಿದರೆ 1.1214. ಬಡ್ಡಿಗಳನ್ನು ತಿರುವುಮುರುವು ಹಾಕಿದರೆ 1.0790 ಬರುತ್ತದೆ, ಅದು ನೋಡಲು ಅಷ್ಟೇ ಸಭ್ಯವಾಗಿ ಕಾಣುವ ತಪ್ಪು ಉತ್ತರ. ತಾಳೆ ನೋಡುವ ಬಗೆ: ಬಡ್ಡಿ ಹೆಚ್ಚಿರುವ ನಾಣ್ಯ ಫಾರ್ವರ್ಡ್‌ನಲ್ಲಿ ಅಗ್ಗವಾಗಲೇಬೇಕು. ಇಲ್ಲಿ ಡಾಲರಿನ ಬಡ್ಡಿ ಹೆಚ್ಚು, ಆದ್ದರಿಂದ ಫಾರ್ವರ್ಡ್‌ನಲ್ಲಿ ಒಂದು ಯುರೋ ಕೊಳ್ಳಲು ಹೆಚ್ಚು ಡಾಲರ್ ಬೇಕು.

ಈಗ ಮಾರುಕಟ್ಟೆಯಲ್ಲಿ ಫಾರ್ವರ್ಡ್ 1.13 ಇದೆ ಎನ್ನಿ. 110 ಡಾಲರ್ ಸಾಲ ತೆಗೆದು 100 ಯುರೋ ಕೊಳ್ಳಿ, ಠೇವಣಿ ಇಡಿ, ವರ್ಷದ ಕೊನೆಗೆ 103 ಯುರೋ. ಅದನ್ನು ಇವತ್ತೇ 1.13ಕ್ಕೆ ಫಾರ್ವರ್ಡ್ ಮಾರಿದ್ದರೆ ಕೈಗೆ 116.39 ಡಾಲರ್. ತೀರಿಸಬೇಕಾದ ಸಾಲ 115.50. ಉಳಿದ 0.89 ಡಾಲರ್ ಅಪಾಯವಿಲ್ಲದ ಲಾಭ. ಪರೀಕ್ಷೆಯಲ್ಲಿ ಸೂತ್ರ ಬರೆದವರಿಗಿಂತ ಈ ನಾಲ್ಕು ವಹಿವಾಟುಗಳನ್ನು ಸಾಲಾಗಿ ಬರೆದವರಿಗೆ ಹೆಚ್ಚು ಅಂಕ ಬರುತ್ತದೆ, ಬರಲೂಬೇಕು.

ಅವಧಿ 90 ದಿನವಾದರೆ ಬಡ್ಡಿಯನ್ನು ವಾರ್ಷಿಕದಿಂದ ಇಳಿಸಬೇಕು. ಡಾಲರ್ ಮತ್ತು ಯುರೋ ಹಣದ ಮಾರುಕಟ್ಟೆಯಲ್ಲಿ ವರ್ಷಕ್ಕೆ 360 ದಿನದ ಲೆಕ್ಕ, ಪೌಂಡಿಗೆ 365. ಮೇಲಿನ ಉದಾಹರಣೆಯಲ್ಲಿ ಆಗ 1.0125 ಮೇಲೆ, 1.0075 ಕೆಳಗೆ, ಫಾರ್ವರ್ಡ್ 1.1055. ಬಡ್ಡಿಯನ್ನು ಇಳಿಸಲು ಮರೆತು ಮೂರು ತಿಂಗಳ ಫಾರ್ವರ್ಡ್‌ಗೆ ಒಂದು ವರ್ಷದ ಪ್ರೀಮಿಯಂ (ಫಾರ್ವರ್ಡ್ ದರ ಸ್ಪಾಟ್ ದರಕ್ಕಿಂತ ಎಷ್ಟು ಹೆಚ್ಚು ಎಂಬುದು) ಹಾಕುವವರು ಪ್ರತಿ ತಂಡದಲ್ಲೂ ಇರುತ್ತಾರೆ. 2008ರ ನಂತರ ಈ ಸಮತೆಯೇ ದೊಡ್ಡ ನಾಣ್ಯಗಳಲ್ಲೂ ಪೂರ್ತಿ ಹಿಡಿದು ನಿಂತಿಲ್ಲ. ಬ್ಯಾಂಕುಗಳ ಬ್ಯಾಲೆನ್ಸ್ ಶೀಟಿನ ಮೇಲಿನ ನಿರ್ಬಂಧಗಳು ಅದಕ್ಕೆ ಕೊಡುವ ಮುಖ್ಯ ಕಾರಣ. ಪ್ರಬಂಧಕ್ಕೆ ಈಗಲೂ ಒಳ್ಳೆಯ ವಿಷಯ.

ಆವೃತ ಸಮತೆ ಮತ್ತು ಅನಾವೃತ ಸಮತೆಯನ್ನು ಗೊಂದಲ ಮಾಡಿಕೊಳ್ಳಬೇಡಿ. ಮೊದಲನೆಯದು ಒಪ್ಪಂದದಿಂದ ಕಟ್ಟಿಹಾಕಿದ ಸಂಬಂಧ, ಎರಡನೆಯದು ನಿರೀಕ್ಷೆಯ ಬಗ್ಗೆ ಒಂದು ಊಹೆ. ಫಾರ್ವರ್ಡ್ ಪ್ರೀಮಿಯಂ ಮೇಲೆ ನಿಜವಾದ ದರ ಬದಲಾವಣೆಯನ್ನು ರಿಗ್ರೆಸ್ ಮಾಡಿದರೆ (ಒಂದು ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸಿದರೆ) ಗುಣಾಂಕ 1 ಬರಬೇಕು ಎನ್ನುತ್ತದೆ ಎರಡನೆಯದು. ದತ್ತಾಂಶದಲ್ಲಿ ಅದು ಎಷ್ಟೋ ಸಲ 1ಕ್ಕಿಂತ ಬಹಳ ಕಡಿಮೆ, ಋಣಾತ್ಮಕವೂ ಹೌದು. ಬಡ್ಡಿ ಕಡಿಮೆ ಇರುವ ನಾಣ್ಯದಲ್ಲಿ ಸಾಲ ಮಾಡಿ ಹೆಚ್ಚಿರುವ ನಾಣ್ಯದಲ್ಲಿ ಹೂಡುವ ಕ್ಯಾರಿ ಟ್ರೇಡ್ ಬದುಕಿರುವುದೇ ಇದರಿಂದ. ಇನ್ನೊಂದು ಫಲಿತಾಂಶವನ್ನೂ ಇದರ ಪಕ್ಕದಲ್ಲಿಟ್ಟು ಓದಿ: 1983ರಲ್ಲಿ ಮೀಸ್ ಮತ್ತು ರೊಗಾಫ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದಂತೆ, ಒಂದು ವರ್ಷದೊಳಗಿನ ಮುನ್ನಂದಾಜಿನಲ್ಲಿ ಆಗಿನ ಮಾದರಿಗಳು ಯಾವುವೂ 'ನಾಳೆಯೂ ಇವತ್ತಿನ ದರವೇ' ಎಂಬ ಸರಳ ಊಹೆಯನ್ನು ಸೋಲಿಸಲಿಲ್ಲ. ಮಾದರಿಗಳನ್ನು ಕಲಿಯುವುದು ಹಾಗಾದರೆ ಏಕೆ ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳುತ್ತಾರೆ. ಮುನ್ನಂದಾಜು ಬೇರೆ, ಒಂದು ನೀತಿಯಿಂದ ದರ ಯಾವ ದಿಕ್ಕಿಗೆ ಏಕೆ ಹೋಯಿತು ಎಂಬ ವಿವರಣೆ ಬೇರೆ ಎಂಬುದನ್ನು ಬಿಡಿಸಿ ಹೇಳಲು ಸಿದ್ಧರಿರಿ.

1976ರ ಡಾರ್ನ್‌ಬುಶ್ ಮಾದರಿ ಇಂಥ ವಿವರಣೆಗೆ ಒಳ್ಳೆಯ ಅಭ್ಯಾಸ. ಹಣದ ಪೂರೈಕೆ ಹೆಚ್ಚಿತು, ಬೆಲೆಗಳು ತಕ್ಷಣ ಏರುವುದಿಲ್ಲ, ಹಾಗಾಗಿ ಬಡ್ಡಿ ಇಳಿಯಿತು. ಕಡಿಮೆ ಬಡ್ಡಿಯ ನಾಣ್ಯವನ್ನು ಜನ ಇಟ್ಟುಕೊಳ್ಳಬೇಕಾದರೆ ಅದು ಮುಂದೆ ಬಲಗೊಳ್ಳುತ್ತದೆ ಎಂಬ ನಿರೀಕ್ಷೆ ಬೇಕು. ದೀರ್ಘಾವಧಿಯಲ್ಲಿ ನಾಣ್ಯ ದುರ್ಬಲವಾಗಿಯೇ ನಿಲ್ಲಬೇಕು. ಎರಡೂ ಒಟ್ಟಿಗೆ ಸಾಧ್ಯವಾಗುವುದು ಮೊದಲ ದಿನವೇ ಅದು ಬೇಕಾದ್ದಕ್ಕಿಂತ ಹೆಚ್ಚು ಕುಸಿದರೆ ಮಾತ್ರ. ಚಿತ್ರ ಬರೆಯುವ ಮುನ್ನ ಇದನ್ನು ಐದು ವಾಕ್ಯದಲ್ಲಿ ಬರೆಯಲು ಬರಬೇಕು.

ಪಾವತಿ ಶಿಲ್ಕಿನಲ್ಲಿ (ದೇಶ ಹೊರಗಿನವರೊಂದಿಗೆ ಮಾಡಿದ ಎಲ್ಲ ವಹಿವಾಟಿನ ಲೆಕ್ಕ) ಚಿಹ್ನೆಯದೇ ಕಾಟ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಕೈಪಿಡಿಯ 2009ರ ಆರನೇ ಆವೃತ್ತಿಯ ಪದ್ಧತಿಯಲ್ಲಿ ಚಾಲ್ತಿ ಖಾತೆ (ವ್ಯಾಪಾರ ಮತ್ತು ಆದಾಯದ ಲೆಕ್ಕ), ಬಂಡವಾಳ ಖಾತೆ, ದೋಷ–ಲೋಪ ಮೂರನ್ನೂ ಕೂಡಿದರೆ ಹಣಕಾಸು ಖಾತೆ (ಹೂಡಿಕೆ ಮತ್ತು ಸಾಲದ ಲೆಕ್ಕ) ಬರುತ್ತದೆ. ಚಾಲ್ತಿ ಖಾತೆ −50, ಬಂಡವಾಳ ಖಾತೆ +2, ದೋಷ–ಲೋಪ −1 ಆದರೆ ಹಣಕಾಸು ಖಾತೆ −49: ದೇಶ ಹೊರಗಿನಿಂದ ನಿವ್ವಳ 49 ಪಡೆದಿದೆ. ಅದೇ ವರ್ಷ ವಿದೇಶಿ ವಿನಿಮಯ ಮೀಸಲು 6 ಹೆಚ್ಚಿದ್ದರೆ, ಮೀಸಲು ಬಿಟ್ಟ ಹಣಕಾಸು ಖಾತೆ −55. ಹಳೆಯ ಐದನೇ ಆವೃತ್ತಿಯಲ್ಲಿ ಹಣಕಾಸು ಖಾತೆಯ ಚಿಹ್ನೆ ಇದಕ್ಕೆ ವಿರುದ್ಧ, ಎಲ್ಲ ಕೂಡಿದರೆ ಸೊನ್ನೆ. ಎರಡು ಆವೃತ್ತಿಗಳ ಸರಣಿಯನ್ನು ಅಂಟಿಸಿ, ಮಧ್ಯದಲ್ಲಿ ಬಂಡವಾಳ 'ಹೊರಗೆ ಓಡಿತು' ಎಂದು ತೀರ್ಮಾನಿಸಿದ ಪ್ರಬಂಧಗಳೂ ಬರುತ್ತವೆ. ಪತ್ರಿಕೆಗಳು 'ಬಂಡವಾಳ ಖಾತೆ' ಎನ್ನುವುದು ಸಾಮಾನ್ಯವಾಗಿ ಈ ಹಣಕಾಸು ಖಾತೆಯನ್ನೇ. ಕೈಪಿಡಿಯ ಬಂಡವಾಳ ಖಾತೆ ಸಾಲಮನ್ನಾದಂಥ ಬಂಡವಾಳ ವರ್ಗಾವಣೆಗಳ ಚಿಕ್ಕ ಖಾತೆ.

ದರದ ದಿಕ್ಕಿನಲ್ಲೂ ಇದೇ ತೊಡಕು. ಒಂದು ಡಾಲರಿಗೆ ಎಷ್ಟು ಸ್ಥಳೀಯ ನಾಣ್ಯ ಎಂದು ಬರೆದಾಗ ಸಂಖ್ಯೆ ಏರಿದರೆ ಸ್ಥಳೀಯ ನಾಣ್ಯ ದುರ್ಬಲ. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ ಪರಿಣಾಮಕಾರಿ ವಿನಿಮಯ ದರ ಸೂಚ್ಯಂಕದಲ್ಲಿ (ವ್ಯಾಪಾರ ಪಾಲುದಾರರ ನಾಣ್ಯಗಳ ಎದುರಿನ ಸರಾಸರಿ ದರ) ಸಂಖ್ಯೆ ಏರಿದರೆ ನಾಣ್ಯ ಬಲಿಷ್ಠ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕುವಾಗ ಒಂದರ ಚಿಹ್ನೆ ತಿರುಗಿಸಿ, ಪಟ್ಟಿಯ ಅಡಿಯಲ್ಲಿ ಬರೆದಿಡಿ.

ಇತಿಹಾಸವನ್ನು ತಾರೀಖುಗಳಾಗಿ ಬಾಯಿಪಾಠ ಮಾಡುವುದರಿಂದ ಪ್ರಯೋಜನ ಕಡಿಮೆ. 1971ರ ಆಗಸ್ಟ್ 15ರಂದು ಡಾಲರ್–ಚಿನ್ನದ ಪರಿವರ್ತನೆ ನಿಂತದ್ದು, 1992ರ ಸೆಪ್ಟೆಂಬರ್ 16ರಂದು ಪೌಂಡ್ ಯುರೋಪಿನ ವಿನಿಮಯ ದರ ವ್ಯವಸ್ಥೆಯಿಂದ ಹೊರಬಿದ್ದದ್ದು, 1997ರ ಜುಲೈ 2ರಂದು ಥಾಯ್ ಬಾತ್ ತೇಲಿದ್ದು, 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕು ಯುರೋಗೆ 1.20 ಫ್ರಾಂಕಿನ ಮಿತಿ ಕೈಬಿಟ್ಟದ್ದು, ಈ ನಾಲ್ಕನ್ನು ತೆಗೆದುಕೊಂಡು ಪ್ರತಿಯೊಂದಕ್ಕೂ ಒಂದು ಪುಟ ಬರೆಯಿರಿ. ಸ್ಥಿರ ದರ, ಮುಕ್ತ ಬಂಡವಾಳ, ಸ್ವತಂತ್ರ ಹಣಕಾಸು ನೀತಿ ಮೂರೂ ಒಟ್ಟಿಗೆ ಸಿಗುವುದಿಲ್ಲ ಎಂಬ ತ್ರಿಕೋನದಲ್ಲಿ ಯಾವುದನ್ನು ಬಿಟ್ಟುಕೊಟ್ಟರು? ಕೇಂದ್ರ ಬ್ಯಾಂಕಿನ ಬ್ಯಾಲೆನ್ಸ್ ಶೀಟಿನಲ್ಲಿ ಏನಾಯಿತು? ಥಾಯ್ ಪ್ರಕರಣದಲ್ಲಿ ಮೀಸಲಿನ ಒಟ್ಟು ಮೊತ್ತ ಮಾತ್ರ ನೋಡಿದರೆ ಕಥೆ ತಿಳಿಯುವುದಿಲ್ಲ. ಕೇಂದ್ರ ಬ್ಯಾಂಕು ಫಾರ್ವರ್ಡ್‌ನಲ್ಲಿ ಡಾಲರ್ ಮಾರಿ ಕೂತಿದ್ದರಿಂದ ಬಳಸಬಹುದಾದ ಮೀಸಲು ತೋರಿಕೆಯದಕ್ಕಿಂತ ಬಹಳ ಕಡಿಮೆ ಇತ್ತು. ಸ್ವಿಸ್ ಪ್ರಕರಣ ಇದಕ್ಕೆ ಉಲ್ಟಾ: ನಾಣ್ಯ ಬಲಗೊಳ್ಳದಂತೆ ತಡೆಯುವ ಬ್ಯಾಂಕಿಗೆ ಮೀಸಲು ಖಾಲಿಯಾಗುವ ಭಯವಿಲ್ಲ, ಬ್ಯಾಲೆನ್ಸ್ ಶೀಟು ಊದಿಕೊಳ್ಳುವ ಭಯ.

ದತ್ತಾಂಶದಲ್ಲಿ ಕೆಡುವುದು ಎಲ್ಲಿ

ವಿಶ್ವ ಬ್ಯಾಂಕು, ಹಣಕಾಸು ನಿಧಿ, ಇತ್ಯರ್ಥ ಬ್ಯಾಂಕು, ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಫ್ರೆಡ್, ಇವುಗಳಲ್ಲೇ ಒಂದು ಪ್ರಬಂಧಕ್ಕೆ ಬೇಕಾದದ್ದು ಉಚಿತವಾಗಿ ಸಿಗುತ್ತದೆ. ತೊಂದರೆ ಶುರುವಾಗುವುದು ಇಳಿಸಿಕೊಂಡ ಮೇಲೆ.

ವಿನಿಮಯ ದರಕ್ಕೆ ಎರಡು ಸರಣಿ ಇರುತ್ತವೆ: ಅವಧಿಯ ಸರಾಸರಿ, ಅವಧಿಯ ಕೊನೆಯ ದಿನದ್ದು. ನಿಜವಾದ ದರ ಪೂರ್ತಿ ಯಾದೃಚ್ಛಿಕ ನಡಿಗೆಯಾಗಿದ್ದರೂ (ಪ್ರತಿ ಹೆಜ್ಜೆಯೂ ಹಿಂದಿನದಕ್ಕೆ ಸಂಬಂಧವಿಲ್ಲದ ಆಕಸ್ಮಿಕ) ತಿಂಗಳ ಸರಾಸರಿಗಳ ಬದಲಾವಣೆಯಲ್ಲಿ ಸುಮಾರು 0.25ರಷ್ಟು ಸ್ವಸಹಸಂಬಂಧ (ಹಿಂದಿನ ಬದಲಾವಣೆಯೊಂದಿಗಿನ ಸಂಬಂಧ) ತಾನಾಗಿ ಹುಟ್ಟುತ್ತದೆ. ಸರಾಸರಿ ತೆಗೆದದ್ದರ ಫಲ ಅದು, ಮಾರುಕಟ್ಟೆಯದಲ್ಲ. 'ದರವನ್ನು ಮುನ್ನಂದಾಜಿಸಬಹುದು' ಎಂದು ಸಂಭ್ರಮಪಡುವ ಮುನ್ನ ಫೈಲಿನ ಶೀರ್ಷಿಕೆ ಓದಿ. ಲಾಭ, ಸಮತೆ, ಮುನ್ನಂದಾಜಿನ ಪ್ರಶ್ನೆಗೆ ಕೊನೆಯ ದಿನದ ದರ. ವ್ಯಾಪಾರದ ಮೊತ್ತಗಳ ಜೊತೆ ಹೋಲಿಸುವಾಗ ಸರಾಸರಿ.

ದೈನಂದಿನ ದತ್ತಾಂಶದಲ್ಲಿ ಗಡಿಯಾರ ನೋಡಬೇಕು. ಯುರೋಪಿನ ಕೇಂದ್ರ ಬ್ಯಾಂಕಿನ ಉಲ್ಲೇಖ ದರ ಮಧ್ಯ ಯುರೋಪಿನ ಮಧ್ಯಾಹ್ನ 2.15ರ ಆಸುಪಾಸಿನದು. ನ್ಯೂಯಾರ್ಕ್ ಷೇರುಪೇಟೆ ಮುಚ್ಚುವಾಗ ಮಧ್ಯ ಯುರೋಪಿನಲ್ಲಿ ಸಾಮಾನ್ಯವಾಗಿ ರಾತ್ರಿ 10. ಎರಡನ್ನೂ ಒಂದೇ ತಾರೀಖಿನ ಸಾಲಿನಲ್ಲಿಟ್ಟರೆ, ಇವತ್ತಿನ ಷೇರು ಬೆಲೆ ನಾಳೆಯ ವಿನಿಮಯ ದರವನ್ನು 'ಮುನ್ಸೂಚಿಸುತ್ತದೆ' ಎಂಬ ಫಲಿತಾಂಶ ಬರುವುದರಲ್ಲಿ ಆಶ್ಚರ್ಯವಿಲ್ಲ.

ಹುಸಿ ರಿಗ್ರೆಶನ್ ಪಾಠವನ್ನು ಓದಿ ಬಿಡಬೇಡಿ, ಮಾಡಿ ನೋಡಿ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಯಾದೃಚ್ಛಿಕ ನಡಿಗೆಗಳನ್ನು ಕಂಪ್ಯೂಟರಿನಲ್ಲಿ 200 ಅವಧಿಗೆ ಹುಟ್ಟಿಸಿ, ಒಂದನ್ನು ಇನ್ನೊಂದರ ಮೇಲೆ ರಿಗ್ರೆಸ್ ಮಾಡಿ, ಸಾವಿರ ಸಲ ಪುನರಾವರ್ತಿಸಿ. ಶೇ 5ರ ಪರೀಕ್ಷೆ ಶೇ 5ರಷ್ಟು ಸಲ ಮಾತ್ರ ಸುಳ್ಳು ಹೇಳಬೇಕಿತ್ತು. ಮೂರರಲ್ಲಿ ಎರಡಕ್ಕಿಂತ ಹೆಚ್ಚು ಸಲ 'ಸಂಬಂಧವಿದೆ' ಎನ್ನುತ್ತದೆ. ಹತ್ತು ಸಾಲಿನ ಕೋಡು, ಅರ್ಧ ಗಂಟೆಯ ಕೆಲಸ. ಇದಾದ ಮೇಲೆ ಡಿಕಿ–ಫುಲ್ಲರ್ ಪರೀಕ್ಷೆ (ಸರಣಿ ಇಂಥ ನಡಿಗೆಯೇ ಎಂದು ನೋಡುವುದು), ಕೋಇಂಟಿಗ್ರೇಶನ್ (ಇಂಥ ಸರಣಿಗಳ ನಡುವೆ ನಿಜವಾದ ದೀರ್ಘಾವಧಿ ಸಂಬಂಧವಿದೆಯೇ ಎಂಬುದು) ಏಕೆ ಬೇಕು ಎಂದು ಯಾರೂ ಒತ್ತಿ ಹೇಳಬೇಕಿಲ್ಲ.

ಹಲವು ದೇಶಗಳ ಪ್ಯಾನೆಲ್ (ಅನೇಕ ದೇಶಗಳ ಅನೇಕ ವರ್ಷಗಳ ದತ್ತಾಂಶವನ್ನು ಒಟ್ಟುಗೂಡಿಸಿದ್ದು) ಕಟ್ಟುವಾಗ ಮೂರು ಕಡೆ ಕಣ್ಣಿಡಿ. ನಾಣ್ಯವನ್ನು ಡಾಲರಿಗೆ ಕಟ್ಟಿದ ದೇಶಗಳಲ್ಲಿ ಬದಲಾವಣೆ ಸೊನ್ನೆ ಇರುತ್ತದೆ, ಅವು ಗುಣಾಂಕವನ್ನು ಎಳೆದುಹಾಕುತ್ತವೆ. ಅತಿ ಹಣದುಬ್ಬರದ ಒಂದೆರಡು ವರ್ಷಗಳೇ ಇಡೀ ಫಲಿತಾಂಶವನ್ನು ಆಳಬಹುದು. ಮತ್ತು ನಾಣ್ಯದಿಂದ ಸೊನ್ನೆಗಳನ್ನು ತೆಗೆದ ವರ್ಷ, ಯುರೋ ಬಂದ 1999, ಇಂಥ ಕಡೆ ಸರಣಿ ತುಂಡಾಗಿರುತ್ತದೆ.

ಪ್ರಬಂಧ

ವಿಷಯ ಆರಿಸುವ ಮುನ್ನ ಒಂದು ಪ್ರಶ್ನೆ ಬರೆಯಿರಿ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಬೇಕು. 'ಉದಯೋನ್ಮುಖ ದೇಶಗಳಲ್ಲಿ ಬಂಡವಾಳ ಹರಿವು' ಎಂಬುದು ವಿಷಯ, ಪ್ರಶ್ನೆಯಲ್ಲ. 'ಅಮೆರಿಕದ ಬಡ್ಡಿ ಅನಿರೀಕ್ಷಿತವಾಗಿ ಏರಿದಾಗ, ಡಾಲರ್ ಸಾಲ ಹೆಚ್ಚಿರುವ ದೇಶಗಳಿಂದ ಬಾಂಡ್ ಹಣ ಹೆಚ್ಚು ಹೊರಹೋಗುತ್ತದೆಯೇ?' ಎಂಬುದು ಪ್ರಶ್ನೆ, ಏಕೆಂದರೆ ಇದಕ್ಕೆ 'ಇಲ್ಲ' ಎಂಬ ಉತ್ತರವೂ ಬರಬಹುದು.

ಓದಬೇಕಾದ ಲೇಖನಗಳನ್ನು ಹುಡುಕಲು, ಅರ್ಥಶಾಸ್ತ್ರದ ಲೇಖನಗಳನ್ನು ವಿಷಯವಾರು ವಿಂಗಡಿಸುವ ಜೆಇಎಲ್ ಸಂಕೇತಗಳು ಸಹಾಯಕ: ವಿದೇಶಿ ವಿನಿಮಯಕ್ಕೆ ಎಫ್31, ಚಾಲ್ತಿ ಖಾತೆ ಮತ್ತು ಬಂಡವಾಳ ಚಲನೆಗೆ ಎಫ್32, ಅಂತರರಾಷ್ಟ್ರೀಯ ಸಾಲಕ್ಕೆ ಎಫ್34, ಮುಕ್ತ ಆರ್ಥಿಕತೆಗೆ ಎಫ್41, ಅಂತರರಾಷ್ಟ್ರೀಯ ಹಣಕಾಸು ಮಾರುಕಟ್ಟೆಗೆ ಜಿ15. ಹತ್ತಿರದ ಒಂದೇ ಒಂದು ಲೇಖನ ಆರಿಸಿ, ಅದರ ಮುಖ್ಯ ಪಟ್ಟಿಯನ್ನು ಮೊದಲು ಮರುಸೃಷ್ಟಿಸಿ. ಎಷ್ಟೋ ನಿಯತಕಾಲಿಕೆಗಳು ದತ್ತಾಂಶ ಮತ್ತು ಕೋಡನ್ನೂ ಪ್ರಕಟಿಸುತ್ತವೆ. ಪಟ್ಟಿ ಮರುಬಂದರೆ ನಿಮ್ಮ ಹೊಸ ಭಾಗವನ್ನು ಅದರ ಮೇಲೆ ಕಟ್ಟಬಹುದು. ಬಾರದಿದ್ದರೆ ಏಕೆ ಬರಲಿಲ್ಲ ಎಂಬುದೇ ಕೆಲವೊಮ್ಮೆ ಪ್ರಬಂಧವಾಗುತ್ತದೆ.

ನಾಲ್ಕೂವರೆ ತಿಂಗಳಿದೆ ಎಂದುಕೊಂಡರೆ ಮೊದಲ ಎರಡು ವಾರದಲ್ಲಿ ದತ್ತಾಂಶ ಕೈಗೆ ಬಂದಿರಬೇಕು. 'ಸಿಗುತ್ತದೆ ಎಂದು ಹೇಳಿದ್ದಾರೆ' ಎಂಬುದು ದತ್ತಾಂಶವಲ್ಲ, ಬಾರದಿದ್ದರೆ ಆಗಲೇ ಪ್ರಶ್ನೆ ಬದಲಿಸಿ. ಆರನೇ ವಾರಕ್ಕೆ ಮರುಸೃಷ್ಟಿ, ಹತ್ತನೇ ವಾರಕ್ಕೆ ನಿಮ್ಮ ಮುಖ್ಯ ಫಲಿತಾಂಶದ ಒಂದು ಪಟ್ಟಿ ಮತ್ತು ಒಂದು ಚಿತ್ರ. ಬರವಣಿಗೆ ಅಲ್ಲಿಂದ ಶುರು, ಅದೂ ಮುನ್ನುಡಿಯಿಂದಲ್ಲ: ದತ್ತಾಂಶದ ಅಧ್ಯಾಯ ಮೊದಲು, ಆಮೇಲೆ ವಿಧಾನ, ಫಲಿತಾಂಶ, ಕೊನೆಗೆ ಮುನ್ನುಡಿ. ಕೊನೆಯ ಎರಡು ವಾರ ಹೊಸ ರಿಗ್ರೆಶನ್ ಓಡಿಸುವುದಿಲ್ಲ ಎಂದು ಮೊದಲೇ ಗೆರೆ ಎಳೆದುಕೊಳ್ಳಿ. ಮಾರ್ಗದರ್ಶಕರನ್ನು ಕಾಣಲು ಹೋಗುವಾಗ ಹಿಂದಿನ ದಿನ ಒಂದು ಪುಟ ಕಳಿಸಿ: ಏನು ಮಾಡಿದೆ, ಎಲ್ಲಿ ನಿಂತಿದ್ದೇನೆ, ಯಾವ ಎರಡರಲ್ಲಿ ಒಂದನ್ನು ಆರಿಸಬೇಕು. ತೆರೆದ ಪ್ರಶ್ನೆಗೆ ತೆರೆದ ಉತ್ತರವೇ ಸಿಗುತ್ತದೆ.

ಫಲಿತಾಂಶ ಶೂನ್ಯ ಬಂದರೆ ಹೆದರಬೇಡಿ. ಪರೀಕ್ಷಕರು ನೋಡುವುದು ಫಲಿತಾಂಶ ಆಕಸ್ಮಿಕವಲ್ಲ ಎಂದು ತೋರಿಸಲು ಹಾಕುವ ನಕ್ಷತ್ರ ಚಿಹ್ನೆಗಳನ್ನಲ್ಲ, ಆ ಶೂನ್ಯ ನಿಖರವಾದದ್ದೇ ಅಥವಾ ದೋಷಮಿತಿ ಅಗಲವಾಗಿದ್ದರಿಂದ ಏನೂ ಹೇಳಲಾಗುತ್ತಿಲ್ಲವೇ ಎಂಬುದನ್ನು. ವಿಶ್ವಾಸಾಂತರ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ) ಬರೆಯಿರಿ, ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಅದು ದೊಡ್ಡದೇ ಚಿಕ್ಕದೇ ಹೇಳಿ.

ಕೆಲಸದ ಕಡೆ

ಕೇಂದ್ರ ಬ್ಯಾಂಕುಗಳ ಸಂಶೋಧನಾ ವಿಭಾಗ, ಬ್ಯಾಂಕುಗಳ ಟ್ರೆಶರಿ ಮತ್ತು ಅಪಾಯ ನಿರ್ವಹಣೆ, ದೇಶಗಳ ಸಾಲಕ್ಕೆ ದರ್ಜೆ ಕೊಡುವ ಸಂಸ್ಥೆಗಳು, ಹಣಕಾಸು ಸಚಿವಾಲಯಗಳು ಈ ಪದವಿಯವರನ್ನು ತೆಗೆದುಕೊಳ್ಳುತ್ತವೆ. ಅಂತರರಾಷ್ಟ್ರೀಯ ಸಂಸ್ಥೆಗಳ ಅರ್ಥಶಾಸ್ತ್ರಜ್ಞರ ಹುದ್ದೆಗೆ ಹೆಚ್ಚಾಗಿ ಪಿಎಚ್‌ಡಿಯವರೇ ಬೇಕು. ಹೂಡಿಕೆಯ ಕಡೆ ಹೋಗುವವರು ಮೂರು ಹಂತದ ಸಿಎಫ್‌ಎ, ಅಪಾಯ ನಿರ್ವಹಣೆಯ ಕಡೆಯವರು ಎರಡು ಭಾಗದ ಎಫ್‌ಆರ್‌ಎಂ ಎಂಬ ವೃತ್ತಿ ಪರೀಕ್ಷೆಗಳನ್ನು ಬರೆಯುತ್ತಾರೆ. ಮೊದಲ ಸೆಮಿಸ್ಟರಿನ ಜೊತೆ ಮಾತ್ರ ಬೇಡ. ಸಂದರ್ಶನಕ್ಕೆ ಹೋಗುವಾಗ ಪ್ರಬಂಧದ ಮುಖ್ಯ ಚಿತ್ರವೊಂದನ್ನು ಒಂದು ಪುಟದಲ್ಲಿ ಒಯ್ಯಿರಿ. ಅಕ್ಷಗಳ ಹೆಸರು, ದರದ ದಿಕ್ಕು, ದತ್ತಾಂಶದ ಅವಧಿ ಅದರ ಮೇಲೆಯೇ ಇರಲಿ. ಎರಡು ನಿಮಿಷದಲ್ಲಿ ಅದನ್ನು ಅರ್ಥಶಾಸ್ತ್ರ ಓದದವರಿಗೆ ವಿವರಿಸಲು ಬರುತ್ತದೆಯೇ ಎಂದು ಮೊದಲೇ ಯಾರ ಮುಂದಾದರೂ ಹೇಳಿ ನೋಡಿ.